ಶೇಂಗಾ ಡ್ರಮ್ಮು

"ಬೀಜಕ್ಕ ಅಂತ ಯಾಕ ಬರದಿ? ಯಾರು ಬರಿ ಅಂದ್ರು ನಿನಗ? ಬರೇ ಸವರೋ ಯಂತ್ರ ಅಂತ ಬರದಿದ್ರ ನಿನ್ನ ಕೈ ಏನು ಸೇದಿ ಹೋಗ್ತಿತ್ತಾ?"

ಶಿವಯೋಗಪ್ಪ ಕೈಯಲ್ಲಿದ್ದ ಸ್ಪ್ಯಾನರನ್ನು ಕಬ್ಬಿಣದ ಮೇಜಿನ ಮೇಲೆ ಒಗೆದ. ಅದು ಠಣ್ಣನೆ ಪುಟಿದು ನೆಲಕ್ಕೆ ಬಿದ್ದು, ಡ್ರಮ್ಮಿನ ಬೆಲ್ಟು ಬಿಗಿಯುತ್ತ ಕೂತಿದ್ದ ಸೋಮಪ್ಪನ ಕಾಲ ಬಳಿ ನಿಂತಿತು. ಸೋಮಪ್ಪ ತಲೆ ಎತ್ತಲಿಲ್ಲ. ಬೋರಲು ಹಾಕಿದ ಪೇಂಟಿನ ಡಬ್ಬಿಯ ಮೇಲೆ ಕೂತು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದ ಅವನ ಮಗಳು ಕ್ರಾಂತಿ ಮಾತ್ರ ತಲೆ ಎತ್ತಿಯೇ ಇದ್ದಳು.

"ಕೈ ಸೇದಿ ಹೋಗ್ತಿರಲಿಲ್ಲ ದೊಡ್ಡಪ್ಪ. ಆದ್ರ ಅದು ಖರೇ ಅಲ್ಲ."

"ಖರೇ ಸುಳ್ಳು ಹೇಳಾಕ ನೀನೇನು ಕೋರ್ಟಿನ ಜಡ್ಜಾ? ಬರಿಯಾಕ ಕರಸೀನಿ, ಬರಿ."

ಹರಪನಹಳ್ಳಿಯಿಂದ ತೆಲಿಗಿ ಕಡೆ ಹೋಗುವ ರಸ್ತೆಯಲ್ಲಿ, ಊರು ಮುಗಿದು ಮೆಕ್ಕೆಜೋಳದ ಹೊಲ ಶುರುವಾಗುವಲ್ಲಿ ಶಿವಯೋಗಪ್ಪನ ವೆಲ್ಡಿಂಗ್ ಶೆಡ್ಡು ಇತ್ತು. ಗೇಟು, ಕಿಟಕಿ, ಟ್ರಾಲಿ, ಕುಂಟೆ, ಕೂರಿಗೆ, ಜನ ಕೇಳಿದ್ದನ್ನೆಲ್ಲ ಅಲ್ಲಿ ಮಾಡುತ್ತಿದ್ದರು. ಶೆಡ್ಡು ಶಿವಯೋಗಪ್ಪನದು, ಕೈ ಸೋಮಪ್ಪನದು ಎಂದು ಜನ ಹೇಳುತ್ತಿದ್ದರೂ ಅದು ಪೂರ್ತಿ ನಿಜವಲ್ಲ. ಶಿವಯೋಗಪ್ಪನೂ ಮೈ ಬಗ್ಗಿಸುವ ಮನುಷ್ಯನೇ. ಇಬ್ಬರೂ ಒಂದೇ ಬುತ್ತಿ ಬಿಚ್ಚಿ ಉಂಡು, ಒಂದೇ ಬೀಡಿಗೆ ಬೆಂಕಿ ಹಚ್ಚಿ, ದಿನಕ್ಕೊಮ್ಮೆಯಾದರೂ ಜಗಳವಾಡಿ ಇಷ್ಟು ವರ್ಷ ಕಳೆದಿದ್ದರು. ಸೋಮಪ್ಪ ಅವನನ್ನು ಯೋಗಣ್ಣ ಅನ್ನುತ್ತಿದ್ದ. ಊರಲ್ಲಿ ಸೋಮಪ್ಪನ ಓಣಿಯ ಬೇರೆ ಯಾರೂ ಶಿವಯೋಗಪ್ಪನಿಗೆ ಅಣ್ಣ ಅನ್ನುತ್ತಿರಲಿಲ್ಲ, ಸಾವ್ಕಾರ್ರ ಅನ್ನುತ್ತಿದ್ದರು.

ಶೆಡ್ಡಿನ ನಡುವೆ ನಿಂತಿದ್ದ ಡ್ರಮ್ಮು ಇಬ್ಬರ ತಲೆಯಲ್ಲೂ ಹುಟ್ಟಿದ್ದು. ಶೇಂಗಾ ಬಿತ್ತುವ ಮುಂಚೆ ಬೀಜಕ್ಕೆ ಹುಳ ಹತ್ತದಂತೆ ಕೆಂಪು ಬಣ್ಣದ ವಿಷದ ಔಷಧಿ ಸವರಬೇಕು. ರೈತರು ಗೋಣಿತಟ್ಟಿನ ಮೇಲೆ ಹರಡಿ ಬರಿಗೈಯಲ್ಲಿ ಕಲಸುತ್ತಿದ್ದರು. ಕಣ್ಣು ಉರಿ, ಕೈ ಉರಿ. ಸ್ಟೀಲಿನ ಡ್ರಮ್ಮಿನಲ್ಲಿ ಹಾಕಿ ತಿರುಗಿಸಿದರೆ ಸಿಪ್ಪೆ ಸುಲಿದು, ಕಾಳು ಎರಡು ಹೋಳಾಗಿ, ಬಿತ್ತಲು ಬಾರದಂತಾಗುತ್ತಿತ್ತು. ಒಂದು ಬೇಸಿಗೆ ಪೂರ್ತಿ ಒದ್ದಾಡಿ ಕಡೆಗೆ ಲಾರಿ ಟ್ಯೂಬು ಕತ್ತರಿಸಿ ಡ್ರಮ್ಮಿನ ಒಳಮೈಗೆಲ್ಲ ರಬ್ಬರ್ ಅಂಟಿಸಿದರು. ಕಾಳು ಹೂವಿನ ಹಾಗೆ ಹೊರಳಿತು. ಒಂದೂ ಒಡೆಯಲಿಲ್ಲ. ಮುಂಗಾರಿನಲ್ಲಿ ಸುತ್ತಲ ಹಳ್ಳಿಯವರು ಬೀಜದ ಚೀಲ ಹೊತ್ತು ಶೆಡ್ಡಿನ ಮುಂದೆ ಪಾಳಿ ನಿಂತರು. ಅದರ ಮಧ್ಯೆ ಯಾವನೋ ಬೀಜದ ಕಂಪನಿಯವನು ಬಂದು ಮೊಬೈಲಿನಲ್ಲಿ ಡ್ರಮ್ಮಿನ ಒಳಗೆಲ್ಲ ಫೋಟೋ ಹೊಡೆದುಕೊಂಡು ಹೋದ. ಅವತ್ತಿನಿಂದ ಶಿವಯೋಗಪ್ಪನಿಗೆ ನಿದ್ದೆ ಇಲ್ಲ. ಪೇಟೆಂಟ್ ಮಾಡಿಸಬೇಕು, ಅದರಲ್ಲಿ ತನ್ನ ಹೆಸರಿನ ಪಕ್ಕಕ್ಕೆ ಸೋಮಪ್ಪನ ಹೆಸರೂ ಇರಬೇಕು ಎಂದು ಅವನೇ ಹಟ ಹಿಡಿದ. ಕ್ರಾಂತಿಯ ಕೆಲಸವೇ ಅದಾಗಿತ್ತು. ಮನೆಯಲ್ಲಿ ಕೂತೇ ಬೆಂಗಳೂರಿನ ಕಂಪನಿಯೊಂದಕ್ಕೆ, ಯಾವ ಪೇಟೆಂಟು ಯಾವ ವರ್ಗಕ್ಕೆ ಸೇರುತ್ತದೆ ಎಂದು ಓದಿ ಗುರುತು ಹಾಕುತ್ತಿದ್ದಳು. 'ನಮ್ಮ ಸೋಮ್ಯಾನ ಮಗಳು ಲೋಕದ ಯಂತ್ರಕ್ಕೆಲ್ಲ ಮನಿ ತೋರಿಸ್ತಾಳ' ಎಂದು ಶಿವಯೋಗಪ್ಪ ಸಂತೆಯಲ್ಲೆಲ್ಲ ಹೇಳಿಕೊಂಡು ಓಡಾಡಿದ್ದ.

ಈಗ ಅದೇ ಮನೆ ಅವನ ಗಂಟಲಿಗೆ ಸಿಕ್ಕಿಕೊಂಡಿತ್ತು.

"ಇನ್ನೊಮ್ಮೆ ಹೇಳ್ತೀನಿ ಕೇಳ್ರಿ," ಎಂದಳು ಕ್ರಾಂತಿ. "ಪೇಟೆಂಟ್ ಆಫೀಸಿನಾಗ ಸವರೋ ಯಂತ್ರಕ್ಕಂತ ಒಂದು ದೊಡ್ಡ ಮನಿ, ಅಂದ್ರ ವರ್ಗ, ಐತಿ. ಅದರಾಗ ಸಿಂಪಡಿಸೋದಕ್ಕ ಒಂದು ಕ್ವಾಣಿ, ಬಳಿಯೋದು ಅದ್ದೋದಕ್ಕ ಒಂದು ಕ್ವಾಣಿ, ಸವರೋ ರೀತಿಗೆ ಒಂದು ಕ್ವಾಣಿ. ಆದ್ರ ಬಾಗಿಲಾಗ ಕೇಳ್ತಾರ: ಇದು ಯಾವುದಕ್ಕಾರ ಮೀಸಲೈತೇನು? ಬಿತ್ತೋ ಬೀಜಕ್ಕ ಅಂದ್ರ ಒಕ್ಕಲುತನದ ಮನಿಗೆ ಕಳಸ್ತಾರ. ತಿನ್ನೋದಕ್ಕ ಅಂದ್ರ ಆಹಾರದ ಮನಿಗೆ. ಯಾವುದಕ್ಕೂ ಮೀಸಲಿಲ್ಲ, ಏನು ಹಾಕಿದ್ರೂ ನಡೀತೈತಿ ಅಂದ್ರ ಮಾತ್ರ ದೊಡ್ಡ ಮನಿ. ವರ್ಗ ಕೊಡೋರು ಆಫೀಸಿನೋರು. ಆದ್ರ ನಾವು ಬರದಿದ್ದು ನೋಡೇ ಕೊಡ್ತಾರ."

"ಮತ್ತ ಏನು ಹಾಕಿದ್ರೂ ನಡೀತೈತಿ ಅಂತ ಬರದಬಿಡು ತಾಯಿ!"

"ನಡಿಯಂಗಿಲ್ಲಲ್ಲ."

"ಯಾಕ ನಡಿಯಂಗಿಲ್ಲ? ಅದೂ ಶೇಂಗಾ, ಇದೂ ಶೇಂಗಾ. ಮಣ್ಣಿಗೆ ಹಾಕಿದ್ರೂ ಶೇಂಗಾ, ಬಾಯಿಗೆ ಹಾಕಿದ್ರೂ ಶೇಂಗಾ. ಹನ್ನೊಂದು ತಿಂಗಳು ಈ ಡ್ರಮ್ಮು ಮೂಲ್ಯಾಗ ಮಲಗಿ ಗೊರಕಿ ಹೊಡೀಬೇಕೇನು?"

ಜಗಳದ ಬೇರು ಇಲ್ಲಿತ್ತು. ತಂಬ್ರಹಳ್ಳಿಯ ಯರ್ರೆಪ್ಪ ಖಾರಶೇಂಗಾ ಮಾಡಿ ಹಗರಿಬೊಮ್ಮನಹಳ್ಳಿ, ಹಡಗಲಿಯ ಅಂಗಡಿಗಳಿಗೆ ಹಾಕುವವನು. ಹುರಿದ ಶೇಂಗಾಕ್ಕೆ ಎಣ್ಣೆ, ಉಪ್ಪು, ಖಾರ ಸವರಲು ಅವನಿಗೆ ಇಂಥದೇ ಡ್ರಮ್ಮು ಬೇಕಾಗಿತ್ತು. ಇವತ್ತೇ ಬಂದು ನೋಡಿ, ಒಪ್ಪಿಗೆಯಾದರೆ ಇದನ್ನೇ ಗಾಡಿಗೆ ಹಾಕಿಕೊಂಡು ಹೋಗುವವನಿದ್ದ. ಅರ್ಜಿಯಲ್ಲಿ ಬೀಜಕ್ಕೆಂದು ಬರೆದ ಯಂತ್ರವನ್ನು ತಿನ್ನುವುದಕ್ಕೆಂದು ಮಾರುವುದು ಹೇಗೆ ಎನ್ನುವುದು ಶಿವಯೋಗಪ್ಪನ ಸಂಕಟ.

"ಹಾಕಿರೋದು ಲಾರಿ ಟ್ಯೂಬು ದೊಡ್ಡಪ್ಪ. ಸ್ಟೀಲಾಗಿದ್ರ ತೊಳೀಬಹುದಿತ್ತು. ರಬ್ಬರು ಔಷಧಿ ಕುಡದೈತಿ. ಕೈಯಾಡಿಸಿ ನೋಡ್ರಿ, ಇನ್ನೂ ಕೆಂಪೈತಿ. ಖಾರಶೇಂಗಾಕ್ಕ ಬ್ಯಾರೆ ಡ್ರಮ್ಮು ಮಾಡ್ರಿ, ತಿನ್ನೋದಕ್ಕ ಆಗಿಬರೋ ರಬ್ಬರು ಹಾಕಿ. ಅದಕ್ಕ ಬ್ಯಾರೆ ಅರ್ಜಿ ನಾನ ಬರಕೊಡ್ತೀನಿ."

"ತೊಳದೇವಿ! ಸೋಡಾ ಹಾಕಿ, ಕುದಿಯೋ ನೀರು ಹಾಕಿ ತೊಳದೇವಿ. ಕೇಳು ನಿಮ್ಮಪ್ಪನ್ನ."

"ತೊಳದೀನಿ," ಎಂದ ಸೋಮಪ್ಪ ಬೆಲ್ಟಿನಿಂದ ಕೈ ತೆಗೆಯದೆ. "ನೀರು ಕೆಂಪ ಬರೋದು ನಿಂತಿಲ್ಲ ಯೋಗಣ್ಣ. ಹೋದ ವಾರನೂ ಹೇಳೀನಿ."

"ನೀನು ಹೇಳ್ತೀಯಪ್ಪ! ನೀನು, ನಿನ್ನ ಮಗಳು ಕೂಡಿ ಕಬ್ಬಿಣಕ್ಕೂ ಜಾತಿ ಹಚ್ಚಿದ್ರಲ್ಲ! ಇದು ಈ ಮನ್ಯಾಗ, ಅದು ಆ ಮನ್ಯಾಗ. ಯಾವುದು ಎಲ್ಲಿ ಕುಂದ್ರಬೇಕು ಅಂತ ನಮಗ ನೀವು ಹೇಳೋ ಕಾಲ ಬಂತು ನೋಡು."

ಆಡುವಾಗ ಅದು ಬರೀ ಸಿಟ್ಟಿನ ಮಾತಾಗಿತ್ತು. ಆಡಿ ಮುಗಿದ ಮೇಲೆ ಶೆಡ್ಡಿನಲ್ಲಿ ಬೇರೆಯೇ ಏನೋ ನಿಂತ ಹಾಗಾಯಿತು. ಶಿವಯೋಗಪ್ಪನಿಗೂ ಅದು ತಟ್ಟಿತು. ಹಂಗಲ್ಲಲೇ ಎನ್ನಬೇಕೆಂದುಕೊಂಡ. ಅಷ್ಟೊತ್ತಿಗೆ ಹೊರಗೆ ಗಾಡಿಯ ಹಾರ್ನು ಕೂಗಿತು.

"ಶರಣ್ರೀ ಸಾವ್ಕಾರ್ರ!" ಯರ್ರೆಪ್ಪ ಹುರಿದ ಶೇಂಗಾದ ಚೀಲವನ್ನು ತಾನೇ ಹೆಗಲಿಗೇರಿಸಿಕೊಂಡು ಒಳಗೆ ಬಂದ. ದುಂಡನೆಯ, ನಗುಮುಖದ ಮನುಷ್ಯ. "ಎಲ್ಲೈತಿ ನಮ್ಮ ಮದಲಿಂಗ, ಆ ಡ್ರಮ್ಮು? ಲಗೂನ ತೋರಿಸ್ರಪ್ಪ. ಮನ್ಯಾಗ ಹೆಂಗಸ್ರು ಖಾರ ಕಲಸಿ ಕಲಸಿ ಕೈ ಉರಿ, ಕೈ ಉರಿ ಅಂತ ನನ್ನ ಮಾರಿಗೇ ಕೈ ಒರಸಾಕ ಬರ್ತಾರ."

ಶಿವಯೋಗಪ್ಪನಿಗೆ ನೀರಲ್ಲಿ ಮುಳುಗುವವನಿಗೆ ಹಗ್ಗ ಸಿಕ್ಕಂತಾಯಿತು. "ಬರ್ರಿ ಬರ್ರಿ. ಸೋಮಪ್ಪಾ, ಸ್ವಿಚ್ ಹಾಕು."

ಸೋಮಪ್ಪ ಎದ್ದ. ಆದರೆ ಸ್ವಿಚ್ಚಿನ ಕಡೆ ಹೋಗಲಿಲ್ಲ. ಕೈಯಲ್ಲಿದ್ದ ಬಟ್ಟೆ ತುಂಡಿನಿಂದ ಬೆರಳೊಂದೊಂದನ್ನೇ ಒರೆಸುತ್ತ ನಿಂತ. ಶಿವಯೋಗಪ್ಪ ತಾನೇ ಹೋಗಿ ಹಾಕಿದ.

ಮೋಟಾರು ಗುಂಯ್ ಎಂದಿತು, ಡ್ರಮ್ಮು ತಿರುಗಿತು. ಯರ್ರೆಪ್ಪ ಶೇಂಗಾ ಸುರಿದ, ಎಣ್ಣೆ ಚಿಮುಕಿಸಿದ, ಉಪ್ಪು ಖಾರ ಹಾಕಿದ. ಕಾಳುಗಳು ಒಂದರ ಮೇಲೊಂದು ಮೆತ್ತಗೆ ಹೊರಳುತ್ತ, ನೋಡನೋಡುತ್ತಿದ್ದಂತೆ ಕೆಂಪು ಅಂಗಿ ತೊಟ್ಟವು. ಎಲ್ಲೂ ಗಂಟಿಲ್ಲ, ಎಲ್ಲೂ ಬೋಳಿಲ್ಲ. ಅಗಲವಾದ ತಟ್ಟೆಗೆ ಇಳಿಸಿದಾಗ ಯರ್ರೆಪ್ಪ ಅಂಗೈ ತಟ್ಟಿ ನಕ್ಕ.

"ಆಹಾ! ನನ್ನ ಹೆಂಡತಿ ಮದುವ್ಯಾಗೂ ಇಷ್ಟು ಚಂದ ಕಂಡಿರಲಿಲ್ಲ ಬಿಡ್ರಿ."

ಅವನು ಒಂದು ಹಿಡಿ ತೆಗೆದು ಬಾಯಿಯ ಹತ್ತಿರ ಒಯ್ಯುತ್ತಿದ್ದಂತೆ ಕ್ರಾಂತಿ ಎದ್ದು ನಿಂತಳು.

"ತಿನ್ನಬ್ಯಾಡ್ರಿ ಅಣ್ಣ. ಮುಂಗಾರಿನಾಗ ಇದೇ ಡ್ರಮ್ಮಿನಾಗ ಬೀಜಕ್ಕ ವಿಷ ಸವರ್ಯಾರ."

ಯರ್ರೆಪ್ಪನ ಕೈ ಅಲ್ಲೇ ನಿಂತಿತು. ಅವನು ಶಿವಯೋಗಪ್ಪನನ್ನು ನೋಡಿದ, ಅಂಗೈಯನ್ನು ನೋಡಿದ. ಕಾಳುಗಳೆಲ್ಲ ಖಾರದಿಂದ ಕೆಂಪಾಗಿದ್ದವು. ಅದರಲ್ಲಿ ಯಾವ ಕೆಂಪು ಯಾವುದೆಂದು ಕಣ್ಣಿಗೆ ತಿಳಿಯುವ ಹಾಗಿರಲಿಲ್ಲ.

"ಹುಡುಗಿ ಮಾತು ಕೇಳಬ್ಯಾಡ್ರಿ," ಎಂದ ಶಿವಯೋಗಪ್ಪ. ದನಿ ಅವನಿಗೇ ಜೋರೆನಿಸಿತು. "ಕಂಪ್ಯೂಟರ್ ಓದಿ ಓದಿ ಎಲ್ಲಾದರಾಗೂ ವಿಷಾನ ಕಾಣತೈತಿ ಇಕಿಗೆ. ತೊಳದಿಟ್ಟೇವಿ. ನೋಡ್ರಿ, ನಾನ ತಿಂತೀನಿ."

ತಟ್ಟೆಯಿಂದ ಹಿಡಿ ತುಂಬ ಬಾಚಿ ಬಾಯಿಗೆ ಹಾಕಿಕೊಂಡ. ಮೂವರೂ ಅವನ ದವಡೆಯನ್ನೇ ನೋಡುತ್ತಿದ್ದರು. ಉಪ್ಪಿತ್ತು, ಖಾರವಿತ್ತು, ಹುರಿದ ಶೇಂಗಾದ ಸಿಹಿಯಿತ್ತು. ಅದರ ಹಿಂದೆ ಮತ್ತೇನೋ ಇದೆಯೆಂದು ನಾಲಿಗೆ ಹೇಳಿತು; ಇಲ್ಲವೆಂದು ಅವನು ನಾಲಿಗೆಗೆ ಹೇಳಿದ. ಅಗಿದು ನುಂಗಿದ.

"ಕಂಡ್ರ್ಯಾ? ಏನಾತು? ಸತ್ತೆನಾ?"

ಯರ್ರೆಪ್ಪ ನಗಲಿಲ್ಲ. ಕೈಯಲ್ಲಿದ್ದದ್ದನ್ನು ತಿನ್ನಲೂ ಇಲ್ಲ.

ಆಗ ಶಿವಯೋಗಪ್ಪ ಇನ್ನೊಂದು ಹಿಡಿ ತೆಗೆದು ಸೋಮಪ್ಪನ ಮುಂದೆ ಚಾಚಿದ. "ತಗೋಲೇ. ನಿನ್ನ ಕೈಲೆ ಮಾಡಿದ ಡ್ರಮ್ಮು, ನಿನ್ನ ಕೈಲೆ ತೊಳದಿದ್ದು. ನೀನು ತಿಂದು ತೋರಿಸು ಇವರಿಗೆ."

ಸೋಮಪ್ಪ ಅಂಗೈ ಒಡ್ಡಿದ. ಇಷ್ಟು ವರ್ಷ ಶಿವಯೋಗಪ್ಪ ಏನು ಕೊಟ್ಟರೂ ಒಡ್ಡಿದ ಕೈ. ಅಭ್ಯಾಸಕ್ಕೆ ಬಂತೋ ಏನೋ. ಶೇಂಗಾ ಅಂಗೈಗೆ ಬಿತ್ತು. ಅವನು ಹೆಬ್ಬೆರಳಿನಿಂದ ಒಂದು ಕಾಳನ್ನು ಹೊರಳಿಸಿ ನೋಡಿದ.

"ತಿನ್ನಬ್ಯಾಡ ಅಪ್ಪ," ಎಂದಳು ಕ್ರಾಂತಿ.

"ತಿನ್ನೋ! ನಾ ತಿಂದಿಲ್ಲೇನು? ನನಗಿಂತ ದೊಡ್ಡ ಜೀವ ಏನು ನಿಂದು?"

ಸೋಮಪ್ಪ ಮುಖ ಎತ್ತಿದ. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಶಿವಯೋಗಪ್ಪನಿಗೆ ಏನು ಮಾಡಬೇಕೆಂದು ಗೊತ್ತಾಗುತ್ತಿತ್ತು.

"ನಾ ತಿಂದುಬಿಟ್ರ ವಿಷ ಹೋಗಿ ಅದು ತಿನ್ನೋದು ಆಗ್ತೈತೇನು ಯೋಗಣ್ಣ?" ಎಂದು ಕೇಳಿದ. ನಿಜವಾಗಿಯೂ ಉತ್ತರ ಬೇಕಾದವನ ಹಾಗೆ ಕೇಳಿ, ಕಾದ.

ಶಿವಯೋಗಪ್ಪನಿಗೆ ಸಿಟ್ಟು ಕೈಗೇ ಬರುತ್ತಿತ್ತು. ತಟ್ಟೆಯನ್ನೆತ್ತಿ ಬಾಗಿಲಾಚೆಗೆ ಬೀಸಿದ. ಶೇಂಗಾ ರಸ್ತೆಯಂಚಿನ ಧೂಳಿನ ತುಂಬ ಚೆಲ್ಲಿತು.

"ಹೋಗ್ರಿ! ಒಬ್ಬರೂ ಬ್ಯಾಡ ನನಗ! ನಾನ ಬರಸ್ತೀನಿ, ನಾನ ಮಾಡ್ತೀನಿ!"

ಸೋಮಪ್ಪ ಅಂಗೈಯಲ್ಲಿದ್ದ ಶೇಂಗಾವನ್ನು ಮೇಜಿನ ಅಂಚಿನಲ್ಲಿ ಮೆಲ್ಲಗೆ ಇಟ್ಟ. ಕೊರಳಲ್ಲಿ ಜೋತಾಡುತ್ತಿದ್ದ ವೆಲ್ಡಿಂಗ್ ಕನ್ನಡಕವನ್ನು ತೆಗೆದು ಅದರ ಪಕ್ಕಕ್ಕೆ ಇಟ್ಟ. ಗೂಟಕ್ಕೆ ಹಾಕಿದ್ದ ಅಂಗಿಯನ್ನು ಬನಿಯನ್ನಿನ ಮೇಲೆ ತೊಟ್ಟು, ಗುಂಡಿ ಒಂದೊಂದಾಗಿ ಹಾಕಿಕೊಂಡ.

"ಆ ಅರ್ಜ್ಯಾಗ ನನ್ನ ಹೆಸರು ತಗಸಿಬಿಡ್ರಿ," ಎಂದ. "ಹೋಗ್ತೀನ್ರಿ ಸಾವ್ಕಾರ್ರ."

ಕ್ರಾಂತಿ ಲ್ಯಾಪ್‌ಟಾಪ್ ಮುಚ್ಚಿ ಚೀಲಕ್ಕೆ ಹಾಕಿ ಅಪ್ಪನ ಹಿಂದೆ ಹೊರಟಳು. ಇಬ್ಬರೂ ಚೆಲ್ಲಿದ ಶೇಂಗಾವನ್ನು ತುಳಿಯದ ಹಾಗೆ ಸರಿದು ರಸ್ತೆ ದಾಟಿದರು.

ಯರ್ರೆಪ್ಪ ತನ್ನ ಹಿಡಿಯಲ್ಲಿದ್ದದ್ದನ್ನು ಏನು ಮಾಡಬೇಕೆಂದು ತಿಳಿಯದೆ ಡ್ರಮ್ಮಿನೊಳಗೇ ಹಾಕಿ, ಕೈಯನ್ನು ಪಂಚೆಗೆ ಗಸಗಸ ಒರೆಸಿಕೊಂಡ. "ಮನ್ಯಾಗ ಒಂದು ಮಾತು ಕೇಳಿ ಫೋನ್ ಮಾಡ್ತೀನ್ರಿ," ಎಂದ. ಉಳಿದ ಶೇಂಗಾ ಚೀಲವನ್ನು ಹೊತ್ತು ಗಾಡಿ ಹತ್ತಿದ.

"ನಾಳೆ ತಾನ ಬರ್ತಾನ. ಎಲ್ಲಿಗೆ ಹೋಗ್ತಾನ?" ಎಂದು ಶಿವಯೋಗಪ್ಪ ಗಟ್ಟಿಯಾಗಿ ಹೇಳಿದ. ಕೇಳಲು ಯಾರೂ ಇರಲಿಲ್ಲ. ಡ್ರಮ್ಮು ಇನ್ನೂ ತಿರುಗುತ್ತಿತ್ತು. ಒಳಗೆ ನಾಲ್ಕು ಕಾಳು ಸದ್ದಿಲ್ಲದೆ ಹೊರಳುತ್ತಿದ್ದವು. ಸ್ವಿಚ್ಚು ಆರಿಸಿದ. ಆಚೆ ಬೇವಿನ ಮರದ ಕೆಳಗೆ ಅಪ್ಪ ಮಗಳು ಬಸ್ಸಿಗೆ ನಿಂತಿದ್ದರು. ತೆಲಿಗಿಯಿಂದ ಊರಿಗೆ ಹೋಗುವ ಬಸ್ಸು ಬಂತು. ಸೋಮಪ್ಪ ಮಗಳನ್ನು ಮುಂದೆ ಹತ್ತಿಸಿ ತಾನೂ ಹತ್ತಿದ. ಶೆಡ್ಡಿನ ಕಡೆಯ ಕಿಟಕಿಯಲ್ಲಿ ಅವನ ತಲೆ ಕಾಣಲಿಲ್ಲ. ಆ ಮಗ್ಗುಲಿಗೆ ಕೂತಿರಲಿಕ್ಕಿಲ್ಲ.

ಮರುದಿನವೂ ಅವನು ಬರಲಿಲ್ಲ, ಆಮೇಲೂ ಬರಲಿಲ್ಲ. ಆದರೆ ಆ ಹೊತ್ತಿಗೆ ಶಿವಯೋಗಪ್ಪನಿಗೆ ಅದು ಗೊತ್ತಿರಲಿಲ್ಲ. ಬಾಗಿಲಲ್ಲಿ ನಿಂತು, ಹಲ್ಲಿನ ಸಂದಿಗೆ ಸಿಕ್ಕ ಚೂರೊಂದನ್ನು ನಾಲಿಗೆಯಿಂದ ಹುಡುಕುತ್ತಿದ್ದ.

ಎದುರಿನ ಪಂಕ್ಚರ್ ಅಂಗಡಿಯ ಆಡು ಎರಡು ಮರಿ ಕಟ್ಟಿಕೊಂಡು ರಸ್ತೆ ದಾಟಿ ಬಂತು. ಧೂಳನ್ನು ಮೂಸಿ, ಶೇಂಗಾಕ್ಕೆ ಬಾಯಿ ಹಾಕಿತು.

"ಹೈ! ಹೈ!"

ಅವನು ಚಪ್ಪಲಿಯಿಲ್ಲದೆ ಓಡಿದ. ಮರಿಗಳು ಚಂಗನೆ ಹಾರಿದವು. ಆಡಿನ ಕೊರಳನ್ನು ಕಂಕುಳಲ್ಲಿ ಅಮುಕಿ ಹಿಡಿದು, ದವಡೆ ಬಿಡಿಸಿ, ಬೆರಳು ಹಾಕಿ ನಾಲಿಗೆಯ ಮೇಲಿದ್ದದ್ದನ್ನು ಕೆದಕಿ ತೆಗೆದ. ಆಡು ಕಚ್ಚಿತು. ಅವನು ಬಿಡಲಿಲ್ಲ.

"ಏನ್ರೀ ಅದು ಸಾವ್ಕಾರ್ರ!" ಪಂಕ್ಚರ್ ಅಂಗಡಿಯವನು ಅಲ್ಲಿಂದಲೇ ಕೂಗಿದ. "ನಾಕು ಶೇಂಗಾ ತಿಂದ್ರ ಏನು ಗಂಟು ಹೋಗ್ತೈತ್ರಿ ನಿಮ್ಮದು?"

ಶಿವಯೋಗಪ್ಪ ಆಡನ್ನು ಆಚೆ ದಬ್ಬಿ, ರಸ್ತೆಯಂಚಿನಲ್ಲಿ ಕುಕ್ಕರಗಾಲಲ್ಲಿ ಕೂತ. ಹೆಗಲ ಮೇಲಿನ ಟವೆಲನ್ನು ನೆಲಕ್ಕೆ ಹಾಸಿ, ಮಣ್ಣಿನಿಂದ ಒಂದೊಂದೇ ಕಾಳನ್ನು ಆರಿಸಿ ಅದರಲ್ಲಿ ಹಾಕತೊಡಗಿದ. ಬಸ್ಸು ಎಬ್ಬಿಸಿ ಹೋದ ಧೂಳು ಇನ್ನೂ ಇಳಿದಿರಲಿಲ್ಲ.