ಬಟ್ಟಲಿನ ತಳದ ಬಿಳುಪು

ಒಂದು ಚಳಿಗಾಲ ಮೆರ್ಕೀಸ್ ಹೊಳೆ ಹೆಪ್ಪುಗಟ್ಟಲೇ ಇಲ್ಲವಂತೆ. ಲೆಯೊಕಾದಿಯಾ ತಾನು ಕುದಿಸಿದ ಕಿಸೆಲನ್ನು ಅದಕ್ಕೆ ಒಂದು ಹಂಡೆ ಸುರಿದಳಂತೆ. ಹೊಳೆ ಅಲ್ಲೇ ಬಿಗಿದುಕೊಂಡು, ಹನ್ನೊಂದು ಕುದುರೆಗಾಡಿಗಳು, ದಪ್ಪ ಪಾದ್ರಿಯ ಸಮೇತ, ಗಾಲಿ ನೆನೆಯದೆ ಆಚೆ ದಡ ಸೇರಿದವಂತೆ. ಹೇಳಿದವಳು ಅವಳೇ. ವರ್ಷಕ್ಕೊಂದು ಗಾಡಿ ಹೆಚ್ಚುತ್ತಿತ್ತು.

ಹುಳಿಹಣ್ಣಿನ ರಸಕ್ಕೆ ಆಲೂಗಡ್ಡೆಯ ಹಿಟ್ಟು ಕದಡಿ ಗಟ್ಟಿಯಾಗಿ ಕುದಿಸಿದ ಆ ಕೆಂಪು ಕಿಸೆಲ್‌ಗೆ ಅಂಗಡಿಯ ಹಿಟ್ಟು ಅವಳಿಗೆ ಆಗದು. ಆಲೂ ತುರಿದು, ಬಟ್ಟೆಯಲ್ಲಿ ಹಿಂಡಿ, ನೀರನ್ನು ಕಿಟಕಿಯ ಬಳಿ ಇಡುತ್ತಿದ್ದಳು. ತಳದಲ್ಲಿ ಸುಣ್ಣದಂಥ ಪದರ ಕೂರುತ್ತಿತ್ತು. ಅದೇ ಅವಳ ಹಿಟ್ಟು.

ಗಂಡ ಜಿಗ್ಮಾಸ್‌ಗೆ ಸಕ್ಕರೆ ಕಾಯಿಲೆ. ಎಡಗಾಲು ಮೊಣಕಾಲಿನ ಕೆಳಗೆ ಆಗಲೇ ಹೋಗಿತ್ತು. ಬಲಪಾದದ ಹುಣ್ಣು ಮಾಯುತ್ತಿರಲಿಲ್ಲ. ಮಂಗಳವಾರಗಳಂದು ಬರುವ ನರ್ಸ್ ಡೋವಿಲೆ ಸಕ್ಕರೆ, ಬ್ರೆಡ್ಡು, ಆಲೂಗಡ್ಡೆ ಮೂರನ್ನೂ ನಿಲ್ಲಿಸಿದ್ದಳು. ಲೆಯೊಕಾದಿಯಾ ಆಲೂ ತುರಿಯನ್ನೆಲ್ಲ ಊರೆದುರೇ ಹಂದಿಗೆ ಹಾಕಿದಳು. ಹಂದಿ ಕೊಟ್ಟಿಗೆಯ ಬಾಗಿಲಲ್ಲಿ ತೂರದಷ್ಟು ಬೆಳೆಯಿತೆಂದು ಸಾರಿದಳು. ಹಿಂಡಿದ ನೀರನ್ನು ಮಾತ್ರ ಚೆಲ್ಲಲಿಲ್ಲ.

ಕ್ರಿಸ್ಮಸ್ ಹಿಂದಿನ ಸಂಜೆಯ ಊಟದಲ್ಲಿ ಆ ಹಿಟ್ಟಿಗೊಂದು ಅಪ್ಪಣೆ ಸಿಕ್ಕಿತ್ತು. ತಮ್ಮನ ಮಗಳು ಉಗ್ನೆಗೆ ಗೋಧಿ ಸೋಕಿದರೆ ಕರುಳು ಹಿಂಡುತ್ತದೆ.

"ಅತ್ತೆ, ಗೋಧಿಹಿಟ್ಟಲ್ಲಿ ಗಟ್ಟಿ ಮಾಡಿದ್ದು ನಂಗೆ ವಿಷ. ಈ ಆಲೂ ಹಿಟ್ಟು ಪಥ್ಯ. ಇನ್ನೊಂದು ಬಟ್ಟಲು ಹಾಕು."

ತೂಕ ಇಳಿಸಲು ಬ್ರೆಡ್ಡು ಬಿಟ್ಟು ಮೀನನ್ನಷ್ಟೇ ತಿನ್ನುತ್ತಿದ್ದ ಉಗ್ನೆಯ ತಾಯಿ ಬಿರೂಟೆ ಬಟ್ಟಲನ್ನು ದೂರ ತಳ್ಳಿದಳು. "ನನ್ನ ಪಥ್ಯಕ್ಕೆ ಇದು ಸಕ್ಕರೆಯ ಒಡಹುಟ್ಟಿದ ತಂಗಿ."

"ಸಕ್ಕರೆ ಅಂದ್ಮೇಲೆ ಸಿಹಿ ಇರ್ಬೇಕಲ್ಲೇ? ಹಿಟ್ಟು ನೆಕ್ಕಿ ನೋಡು, ಬರೀ ಸುಣ್ಣ," ಎಂದು ಲೆಯೊಕಾದಿಯಾ ನಕ್ಕಳು. ಅವರಿಬ್ಬರ ಮಾತುಗಳಲ್ಲಿ ತನಗೆ ಬೇಕಾದ್ದನ್ನು ಆರಿಸಿಕೊಂಡಳು.

ಮಾರ್ಚ್‌ನ ಒಂದು ಮಂಗಳವಾರ ಡೋವಿಲೆ ಬಲಪಾದದ ಪಟ್ಟಿ ಬಿಚ್ಚಿದಾಗ ಎರಡು ಬೆರಳು ಕಪ್ಪಾಗಿದ್ದವು.

"ಏನು ಕೊಡ್ತಿದೀರಮ್ಮ ಇವರಿಗೆ?"

"ಎಲೆಕೋಸು, ಗಾಳಿ. ಆಲೂ ಹೊಲ ಎದುರಾದ್ರೆ ನಾನು ಕಣ್ಣು ಮುಚ್ಕೊಂಡು ನಡೀತೀನಿ ಮಗಳೇ."

"ಅದಕ್ಕೇ ಹೋದ ವಾರ ಬೇಲಿಗೆ ಗುದ್ಕೊಂಡ್ಳು," ಎಂದ ಜಿಗ್ಮಾಸ್.

ಡೋವಿಲೆ ಕೈತೊಳೆಯಲು ಕಿಟಕಿಯ ಬಳಿಗೆ ಹೋದಳು. ಅಲ್ಲಿ ತಟ್ಟೆ ಮುಚ್ಚಿದ ಬಟ್ಟಲು. ಓರೆ ಮಾಡಿದಳು, ಕಂದು ನೀರು ಹರಿದುಹೋಯಿತು, ಬಿಳುಪು ಕದಲಲಿಲ್ಲ. ಬೆರಳಿನಿಂದ ಒತ್ತಿದಾಗ ಕಿರ್ರ್ ಎಂದಿತು.

"ಇದೇನು?"

"ಗೋಡೆಗೆ ಸುಣ್ಣ."

"ದಿನಕ್ಕೆ ಎಷ್ಟು ಬಟ್ಟಲು?"

"ಹೇಳ್ಬಿಡೇ," ಎಂದ ಜಿಗ್ಮಾಸ್, ಸೂರು ನೋಡುತ್ತ. "ಕಾಲು ನಂದು ತಾನೆ."

ಲೆಯೊಕಾದಿಯಾ ಕುರ್ಚಿ ಎಳೆದು ಕೂತಳು.

"ಮೂರು," ಎಂದಳು. "ಉಗ್ನೆಗೆ ಪಥ್ಯ ಅಂದ್ರೆ ಇವರಿಗೂ ಪಥ್ಯ ಅಂದ್ಕೊಂಡೆ. ಇಲ್ಲ, ಅದೂ ಸುಳ್ಳು. ಹುಣ್ಣು ದೊಡ್ಡದಾಗ್ತಾ ಬಂದಾಗ ಬಿರೂಟೆ ಮಾತೇ ನಿಜ ಅಂತ ಗೊತ್ತಾಯ್ತು. ಬಟ್ಟಲು ಕಂಡಾಗ ಮಾತ್ರ ಇವರು ನಗೋರು. ನಿಲ್ಲಿಸೋಕಾಗ್ಲಿಲ್ಲ."

ಯಾರೂ ಕೇಳದಿದ್ದರೂ ಸೇರಿಸಿದಳು: "ಹೊಳೇನ ಗಾಡಿ ಯಾವುದೂ ದಾಟಿಲ್ಲ. ಒಂದೂ ಇಲ್ಲ."