ಬಸ್‌ಸ್ಟಾಪಿನ ಲೈಟೂ ಮೂರು ಮಡಿ ಸೇವಂತಿಗೆಯೂ

ಪಿತೃಪಕ್ಷ ಶುರುವಾಗುವ ಹೊತ್ತಿಗೆ ಮಳೆ ಬಿಟ್ಟಿತು. ಮಾರನೇ ದಿನವೇ ಹೇಮಶ್ರೀ ಹೂ ಕಟ್ಟುವ ಕೊಠಡಿಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಕೆಲಸಗಳನ್ನು ಬರೆದಳು. ಮಳೆಗಾಲವಿಡೀ ಪಾಲಿಹೌಸಿನ ಪ್ಲಾಸ್ಟಿಕ್ ಚಾವಣಿಗೆ ಹಸಿರು ಪಾಚಿ ಕಟ್ಟಿ ಒಳಗೆ ನಡುಮಧ್ಯಾಹ್ನವೂ ಮಬ್ಬಾಗಿತ್ತು, ಅದನ್ನು ತೊಳೆಯಬೇಕು. ಹೊರಗಿನ ತಾಕಿನಲ್ಲಿ ಹೂ ಮುಗಿಸಿ ಒಣಗಿ ನಿಂತ ಗ್ಲಾಡಿಯೋಲಸ್ ಗೆಡ್ಡೆಗಳನ್ನು ಕಿತ್ತು ನೆರಳಲ್ಲಿ ಹರವಬೇಕು. ಆಸ್ಟರ್ ಬೀಜ ಹಾಕಿ ಸಸಿ ಮಾಡಬೇಕು. ಡ್ರಿಪ್ ಪೈಪಿನ ತೂತುಗಳಲ್ಲಿ ಸುಣ್ಣ ಕಟ್ಟಿಕೊಂಡು ಕೊನೆಯ ಗಿಡಗಳಿಗೆ ನೀರೇ ಹೋಗುತ್ತಿರಲಿಲ್ಲ. ಜರ್ಬೆರಾದ ಹಳೇ ಎಲೆ ತೆಗೆಯುವುದಂತೂ ಎಂದೂ ಮುಗಿಯದ ಕೆಲಸ. ಚಾವಣಿ ತೊಳೆಯುವ ಸಾಲಿನ ಎದುರು ಗಂಡನ ಹೆಸರು ಬರೆದು, ಅದರ ಕೆಳಗೆ ಎರಡು ಗೆರೆ ಎಳೆದಳು.

"ನಂಗ್ಯಾಕೆ ಎರಡು ಗೆರೆ?" ಎಂದ ಆನಂದ್.

"ಹೋದ್ವರ್ಷ ಒಂದೇ ಗೆರೆ ಎಳ್ದಿದ್ದೆ. ನೀವು ದೀಪಾವಳಿ ಕಳೆದ್ಮೇಲೆ ತೊಳ್ದ್ರಿ."

ಆನಂದ್ ನಕ್ಕು, ಗೂಡ್ಸ್ ಆಟೋ ತೆಗೆದುಕೊಂಡು ಅಜ್ಜಂಪುರಕ್ಕೆ ಉದ್ದ ಹಿಡಿಯ ಬ್ರಷ್ಷು ತರಲು ಹೋದ. ದಿನಾ ಬೆಳಿಗ್ಗೆ ಹೂವಿನ ಡಬ್ಬಗಳನ್ನು ಬೀರೂರಿಗೆ ಒಯ್ದು ರೈಲಿಗೆ ಹಾಕುವುದು ಅವನ ಪಾಲಿನ ಕೆಲಸ. ಗಿಡ, ನೀರು, ಗೊಬ್ಬರ, ಆರ್ಡರು, ಫೋನು ಎಲ್ಲ ಹೇಮಶ್ರೀಯದು. ಅವರ ಊರು ಶಿವನಿ ಸ್ಟೇಷನ್ನಿನಿಂದ ಎರಡು ಕಿಲೋಮೀಟರು. ಊರಿನ ತಿರುವಿನಲ್ಲಿ ಬಸ್ಸು ನಿಲ್ಲುವ ಜಾಗಕ್ಕೆ ಅಂಟಿಕೊಂಡಂತೆ ಅವರ ಹೊಲ, ಹೊಲದ ತುದಿಯಲ್ಲಿ ಪಾಲಿಹೌಸು.

ಮೂರು ವರ್ಷ ಬರೀ ಜರ್ಬೆರಾ ಬೆಳೆದಿದ್ದವಳು ಈ ಸಲ ಅರ್ಧ ಜಾಗ ಬಿಡಿಸಿ ಎಂಟು ಮಡಿಗಳಲ್ಲಿ ಬಿಳಿ ಸೇವಂತಿಗೆ ಹಾಕಿದ್ದಳು. ಹಾರಕ್ಕೆ ಬಿಡಿಸುವ ಊರ ಸೇವಂತಿಗೆಯಲ್ಲ. ಉದ್ದ ಕಡ್ಡಿಯ ಮೇಲೆ ಒಂದೇ ಹೂ, ಅಂಗೈಯಗಲ ಅರಳುವಂಥದ್ದು. ಕಡೂರಿನಲ್ಲಿ ಛತ್ರಗಳಿಗೆ ಅಲಂಕಾರ ಮಾಡುವ ರಾಜಶೇಖರ್ ದೀಪಾವಳಿ ಹೊತ್ತಿಗೆ ಎಷ್ಟು ಬಂದರೂ ಬೇಕು ಅಂದಿದ್ದರು. ಅಂಥ ಹೂ ಬರಬೇಕಾದರೆ ತುದಿಯ ಮೊಗ್ಗೊಂದನ್ನು ಬಿಟ್ಟು ಪಕ್ಕದವನ್ನೆಲ್ಲ ಬೆರಳಲ್ಲಿ ಚಿವುಟಬೇಕು. ಪಟ್ಟಿಯ ಕೊನೆಯಲ್ಲಿ ಬರೆದಿದ್ದ ಆ ಕೆಲಸವೇ ಹೇಮಶ್ರೀಗೆ ತುಂಬ ಇಷ್ಟ. ಅತ್ತೆ ಹಾಲಮ್ಮನಿಗೆ ಮಾತ್ರ ಅದನ್ನು ನೋಡಿದರೆ ಹೊಟ್ಟೆ ಚುರುಕ್ ಅನ್ನುತ್ತಿತ್ತು.

"ಬಂದ ಮೊಗ್ಗೆಲ್ಲ ಕಿತ್ತಾಕ್ತೀಯಲ್ಲೇ. ಅವೇನ್ ಪಾಪ ಮಾಡಿದ್ವು?" ಎನ್ನುತ್ತಲೇ ಮಡಿಗೆ ಇಳಿದ ಹಾಲಮ್ಮ, ಒಂದು ಗಂಟೆಯಲ್ಲಿ ಸೊಸೆಗಿಂತ ಅರ್ಧ ಸಾಲು ಮುಂದೆ ಹೋಗಿದ್ದಳು. ರಾಗಿ ಕಳೆ ತೆಗೆದು ಪಳಗಿದ ಬೆರಳು ಅವಳದು.

ಒಳಗಿನ ಐದು ಮಡಿ ಮೂರು ದಿನಕ್ಕೆ ಮುಗಿದವು. ರಸ್ತೆ ಕಡೆಯ ಮೂರು ಮಡಿಗೆ ಬಂದಾಗ ಇಬ್ಬರ ಕೈಗೂ ಕೆಲಸವೇ ಇಲ್ಲ. ಗಿಡಗಳು ಉಳಿದವುಗಳಿಗಿಂತ ಒಂದು ಗೇಣು ಎತ್ತರ, ಎಲೆ ಕರ್ರಗೆ ದಪ್ಪ, ಕಡ್ಡಿ ಬೆರಳ ಗಾತ್ರ. ಮೊಗ್ಗು ಮಾತ್ರ ಒಂದೂ ಇಲ್ಲ.

"ಕೊಬ್ಬಿದಾವೆ ಕಣೇ. ಗೊಬ್ಬರ ಜಾಸ್ತಿ ಹಾಕಿದೀಯ," ಎಂದಳು ಹಾಲಮ್ಮ.

"ಎಲ್ಲಕ್ಕೂ ಒಂದೇ ಪೈಪಲ್ಲಿ ಹೋಗೋದಲ್ವಾ ಅತ್ತೆ? ಇವು ಮೂರೇ ಮಡಿ ಹೆಂಗೆ ಜಾಸ್ತಿ ತಿಂದ್ವು?"

ಆನಂದ್ ನುಸಿ ಅಂದ. ಎಲೆ ತಿರುಗಿಸಿ ನೋಡಿದರೆ ನುಸಿಯಿಲ್ಲ. ಸಸಿ ಕೊಟ್ಟ ನರ್ಸರಿಯವನಿಗೆ ಫೋಟೋ ಕಳಿಸಿದರೆ, ಆತ ಯಾವುದೋ ಔಷಧಿಯ ಹೆಸರು ಹೇಳಿ, ಸಿಂಪಡಿಸಿ ವಾರ ಬಿಟ್ಟು ನೋಡಿ ಅಂದ. ಸಿಂಪಡಿಸಿದ್ದೂ ಆಯಿತು, ವಾರ ಕಳೆದದ್ದೂ ಆಯಿತು. ಗಿಡಗಳು ಇನ್ನೂ ನಾಲ್ಕು ಬೆರಳು ಬೆಳೆದವು. ದೀಪಾವಳಿ ಹತ್ತಿರವಾಗುತ್ತಿತ್ತು. ಹೇಮಶ್ರೀ ಊಟದ ತಟ್ಟೆ ಮುಂದೆ ಕೂತೂ ಆ ಮೂರು ಮಡಿಯನ್ನೇ ಯೋಚಿಸುತ್ತಿದ್ದಳು. ರಾಜಶೇಖರ್‌ಗೆ ಎಂಟು ಮಡಿ ಅಂತ ಮಾತು ಕೊಟ್ಟವಳು ಅವಳೇ.

ಒಂದು ಸಂಜೆ ಡ್ರಿಪ್ ಪೈಪು ತೊಳೆದು ಮುಗಿಸಿ, ಕೈ ಒರೆಸಿಕೊಳ್ಳುತ್ತ ಅದೇ ಮಡಿಗಳ ನಡುವೆ ನಡೆದು ಬರುವಾಗ ಅವಳ ಕಣ್ಣಿಗೆ ಏನೋ ತಗುಲಿತು. ಎರಡನೇ ಮಡಿಯ ಮಧ್ಯದಲ್ಲಿ ಮೊಗ್ಗು! ಬಗ್ಗಿ ನೋಡಿದಳು. ಒಂದಲ್ಲ, ಎರಡಲ್ಲ, ಹತ್ತಿಪ್ಪತ್ತು ಗಿಡ ಮೊಗ್ಗು ಹೊತ್ತು ನಿಂತಿವೆ. ಮೊದಲ ಮಡಿಯಲ್ಲೂ ಅದರ ನೇರಕ್ಕೆ ಇವೆ, ಮೂರನೆಯದರಲ್ಲೂ ಇವೆ. ಮೂರು ಮಡಿಯನ್ನೂ ಅಡ್ಡಡ್ಡ ಸೀಳಿಕೊಂಡು ಒಂದು ಪಟ್ಟಿ ಹೋಗಿದೆ. ಪಟ್ಟಿಯೊಳಗೆ ಮೊಗ್ಗು, ಅದರ ಆಚೆ ಈಚೆ ಬರೀ ಎಲೆ.

ಯಾಕಿರಬಹುದು ಅಂತ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಆಗ ಹೊರಗೆ ಬಸ್‌ಸ್ಟಾಪಿನ ದೊಡ್ಡ ಲೈಟು ಹತ್ತಿತು. ಪಾಲಿಹೌಸಿನ ರಸ್ತೆ ಬದಿ ಹಾಲು ಸುರಿದ ಹಾಗೆ ಬೆಳಗಿತು. ಲೈಟಿಗೂ ಪಾಲಿಹೌಸಿಗೂ ನಡುವೆ ಸ್ಟ್ಯಾಂಡಿನ ಮೇಲೆ ಕೂತಿದ್ದ ನೀರಿನ ಕಪ್ಪು ಟ್ಯಾಂಕಿನ ನೆರಳು, ಮಸುಕಾಗಿ ಅಗಲವಾಗಿ, ಮಡಿಗಳ ಮೇಲೆ ಬಿತ್ತು. ಬಿದ್ದದ್ದು ಸರಿಯಾಗಿ ಆ ಮೊಗ್ಗಿನ ಪಟ್ಟಿಯ ಮೇಲೆ.

"ಅಯ್ಯೋ!" ಎಂದಳು ಹೇಮಶ್ರೀ, ಒಬ್ಬಳೇ, ಗಟ್ಟಿಯಾಗಿ.

ಹೂ ಬೆಳೆಯುವ ತರಬೇತಿಗೆ ಹೋದಾಗ ಕೇಳಿದ್ದ ಮಾತು ಈಗ ನೆನಪಾಯಿತು. ಸೇವಂತಿಗೆ ಮೊಗ್ಗು ಕಟ್ಟಬೇಕಾದರೆ ರಾತ್ರಿ ಉದ್ದವಿರಬೇಕು, ಕತ್ತಲೆ ಪೂರ್ತಿ ಇರಬೇಕು. ಈ ಮೂರು ಮಡಿಗೆ ಎರಡು ತಿಂಗಳಿಂದ ರಾತ್ರಿಯೇ ಆಗಿರಲಿಲ್ಲ.

ಚಾವಣಿಯ ಕೊನೆಯ ತುಂಡು ತೊಳೆದು ಏಣಿಯಿಂದ ಇಳಿಯುತ್ತಿದ್ದ ಆನಂದ್‌ಗೆ ಓಡಿ ಬಂದು ಹೇಳಿದಳು. ಅವನು ಅರ್ಧ ಏಣಿಯಲ್ಲೇ ನಿಂತು ಲೈಟನ್ನು ನೋಡಿದ, ಹೆಂಡತಿಯನ್ನು ನೋಡಿದ, ಆಮೇಲೆ ನಗತೊಡಗಿದ. ನಕ್ಕೂ ನಕ್ಕೂ ಏಣಿ ಅಲ್ಲಾಡಿತು.

"ನಗ್ಬೇಡಿ ಅಂದ್ರೆ!"

"ಆ ಲೈಟು ಹಾಕ್ಸಿದ್ ಯಾರೇ?"

ಹಾಕಿಸಿದ್ದು ಅವಳೇ. ಬೇಸಿಗೆಯ ಗ್ರಾಮಸಭೆಯಲ್ಲಿ ಎದ್ದು ನಿಂತು, ಸಂಜೆ ಬಸ್ಸಿಳಿದು ಬರುವ ಹೆಣ್ಣುಮಕ್ಕಳು ಆ ತಿರುವಿನಲ್ಲಿ ಕತ್ತಲಲ್ಲಿ ನಡೆಯಬೇಕಾ ಅಂತ ಕೇಳಿದವಳು ಹೇಮಶ್ರೀ. ನಲವತ್ತು ಜನರ ಸಹಿ ಹಾಕಿಸಿ ಅರ್ಜಿ ಕೊಟ್ಟವಳೂ ಅವಳೇ. ಮೆಂಬರ್ ತೀರ್ಥಪ್ಪ ಓಡಾಡಿ ಎತ್ತರದ ಕಂಬ ಹಾಕಿಸಿ, ಕಂಬದ ಬುಡದಲ್ಲಿ ತಮ್ಮ ಹೆಸರು ಬರೆಸಿಕೊಂಡಿದ್ದರು. ಉದ್ಘಾಟನೆಯ ದಿನ ಅವರಿಗೆ ಜರ್ಬೆರಾ ಗುಚ್ಛ ಕೊಟ್ಟು ಕೈಮುಗಿದದ್ದೂ ಇವಳೇ.

ಮೊಗ್ಗಿನ ಪಟ್ಟಿ ಕಂಡ ಆ ರಾತ್ರಿ ಹೇಮಶ್ರೀಗೆ ಬೆಳಗಿನವರೆಗೂ ಸರಿಯಾಗಿ ನಿದ್ದೆ ಬರಲಿಲ್ಲ. ಯಾವ ಮುಖ ಇಟ್ಟುಕೊಂಡು ಲೈಟು ಆರಿಸಿ ಅನ್ನುವುದು? ಅನ್ನಲೂಬಾರದು. ಬೀರೂರಿನ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಸಂಗೀತಾ ದಿನಾ ಅದೇ ತಿರುವಿನಲ್ಲಿ ಇಳಿದು ಬರುತ್ತಾಳೆ. ಲೈಟು ಬಂದ ಮೇಲೆ ಅವಳ ಅಪ್ಪ ಟಾರ್ಚು ಹಿಡಿದು ಕಾಯುವುದನ್ನು ಬಿಟ್ಟಿದ್ದ.

ಬೆಳಿಗ್ಗೆ ತೀರ್ಥಪ್ಪನವರ ಮನೆಗೆ ಹೋದಳು. ಅವರು ಜಗುಲಿಯಲ್ಲಿ ಕಾಫಿ ಕುಡಿಯುತ್ತಿದ್ದರು.

"ಅಣ್ಣಾ, ಬಸ್‌ಸ್ಟಾಪಿನ ಲೈಟಿನ ವಿಷ್ಯ..."

"ಚೆನ್ನಾಗಿ ಉರೀತಾ ಐತಲ್ಲಮ್ಮ? ಸ್ಟೇಷನ್‌ಗಂಟ ಕಾಣುತ್ತಂತೆ!"

"ಅದೇ ತೊಂದ್ರೆ ಆಗಿರೋದು ಅಣ್ಣ," ಎಂದು ಎಲ್ಲ ವಿವರಿಸಿದಳು.

ತೀರ್ಥಪ್ಪ ಲೋಟ ಕೆಳಗಿಟ್ಟರು. "ಬೆಳಕು ಜಾಸ್ತಿ ಆದ್ರೆ ಹೂ ಬಿಡಲ್ವಾ? ನಾನು ಐವತ್ತೆಂಟು ವರ್ಷದಲ್ಲಿ ಇಂಥ ಮಾತು ಕೇಳಿಲ್ಲ. ಅರ್ಜಿ ಕೊಟ್ಟೋಳೂ ನೀನೇ, ಈಗ ಬ್ಯಾಡ ಅನ್ನೋಳೂ ನೀನೇ. ಲೈಟ್ ಆರ್ಸಿದ್ರೆ ಊರ ಹೆಂಗಸ್ರು ನನ್ನ ಬಿಟ್ಟಾರೇನಮ್ಮ?"

"ಆರ್ಸೋದು ಬ್ಯಾಡ. ನಮ್ಮ ಕಡೆ ಒಂದು ತಗಡಿನ ಮರೆ ಹಾಕ್ಸಿ, ಸಾಕು. ರಸ್ತೆಗೆ ಬೆಳಕು ಹಂಗೇ ಇರುತ್ತೆ."

"ಮೀಟಿಂಗಲ್ಲಿ ಇಡ್ಬೇಕು. ಮುಂದಿನ ತಿಂಗಳು ಇಪ್ಪತ್ತನೇ ತಾರೀಕು ಐತೆ."

ಮುಂದಿನ ತಿಂಗಳ ಇಪ್ಪತ್ತಕ್ಕೆ ಗಿಡ ಚಾವಣಿ ಮುಟ್ಟುತ್ತವೆ ಅಂತ ಅಂದುಕೊಳ್ಳುತ್ತ ಹೇಮಶ್ರೀ ಅಲ್ಲಿಂದ ಹೊರಟಳು. ಮನೆಗೆ ಬಂದು ಅತ್ತೆಯ ಮುಂದೆ ಕೂತಳು. ಹಾಲಮ್ಮ ಗ್ಲಾಡಿಯೋಲಸ್ ಗೆಡ್ಡೆಯ ಮಣ್ಣು ಕೊಡವುತ್ತ ಎಲ್ಲ ಕೇಳಿಸಿಕೊಂಡು, "ಅವ್ನ್ ಮರೆ ಮಾಡ್ದಿದ್ರೆ ನಾವೇ ಮಾಡಾಣ. ಟೊಮ್ಯಾಟೋ ಹಾಕ್ದಾಗ ಮಣ್ಣಿಗೆ ಹಾಸೋಕೆ ತಂದಿದ್ದ ಕರೀ ಮಲ್ಚಿಂಗ್ ಶೀಟು ಅಟ್ಟದ ಮೇಲೈತಲ್ಲ," ಎಂದಳು.

ಮಧ್ಯಾಹ್ನವೆಲ್ಲ ಮೂವರೂ ಕೂತು ಆ ಕರಿ ಶೀಟಿನ ತುಂಡುಗಳನ್ನು ಸೇರಿಸಿ ಅಂಟಿಸಿದರು. ಸಂಜೆ ಆನಂದ್ ಪಾಲಿಹೌಸಿನ ರಸ್ತೆ ಬದಿಯಲ್ಲಿ ಏಣಿ ಇಟ್ಟು ಮೇಲೇರಿದ. ಹೇಮಶ್ರೀ ಒಂದು ತುದಿ, ಹಾಲಮ್ಮ ಇನ್ನೊಂದು ತುದಿ ಹಿಡಿದರು. ಮೂರು ಕಡೆ ಕಟ್ಟಿದ್ದಾಯಿತು. ನಾಲ್ಕನೆಯದನ್ನು ಕಟ್ಟುವಷ್ಟರಲ್ಲಿ ಬಯಲ ಕಡೆಯಿಂದ ಗಾಳಿ ಬೀಸಿತು. ಶೀಟು ಹಾಯಿಯ ಹಾಗೆ ಉಬ್ಬಿ, ಕಟ್ಟಿದ ದಾರಗಳನ್ನೆಲ್ಲ ಪಟಪಟ ಕಿತ್ತುಕೊಂಡು ಹಾರಿತು.

"ಹಿಡೀರೋ!" ಎಂದು ಹಾಲಮ್ಮ ಕೂಗಿದಳು.

ಹಿಡಿಯುವವರು ಯಾರು? ಅದು ಟ್ಯಾಂಕಿನ ಮೇಲೆ ಹಾದು, ಬೇಲಿ ದಾಟಿ, ಬಸ್‌ಸ್ಟಾಪಿನ ಮುಂದೆ ರಸ್ತೆಗೆ ಅಡ್ಡ ಹಾಸಿಕೊಂಡು ಬಿತ್ತು. ಸಂಜೆ ಬಸ್ಸು ಆಗಷ್ಟೇ ತಿರುವಿಗೆ ಬಂದಿತ್ತು. ಡ್ರೈವರು ದೂರದಲ್ಲೇ ಬ್ರೇಕು ಹಾಕಿ ಹಾರ್ನು ಒತ್ತಿದ. ಏನಾಯ್ತು ಏನಾಯ್ತು ಅಂತ ಜನ ಇಳಿದರು. ಸಂಗೀತಾ ಇಳಿದಳು. ಶಿವನಿಯ ಸಂತೆಗೆ ಹೋಗಿದ್ದ ನಾಲ್ಕಾರು ಹೆಂಗಸರು ಚೀಲದ ಸಮೇತ ಇಳಿದರು. ಎಲ್ಲರ ಹಿಂದೆ, ಅಜ್ಜಂಪುರದಲ್ಲಿ ಏನೋ ಕೆಲಸ ಮುಗಿಸಿ ಬಂದಿದ್ದ ತೀರ್ಥಪ್ಪನೂ ಇಳಿದರು.

ಹೇಮಶ್ರೀ ಓಡಿ ಬಂದು ಡ್ರೈವರಿಗೆ ಕೈಮುಗಿದು ಶೀಟು ಎಳೆಯತೊಡಗಿದಳು. ಸಂಗೀತಾ ಬ್ಯಾಗು ಕೆಳಗಿಟ್ಟು ಇನ್ನೊಂದು ತುದಿ ಹಿಡಿದಳು. "ಏನಕ್ಕಾ ಇದು? ಇಷ್ಟುದ್ದ ಕರೀ ಪರದೆ!"

ಹೇಮಶ್ರೀ ನಾಚಿಕೊಂಡು ತಲೆಯೆತ್ತದೆ ಶೀಟು ಸುತ್ತತೊಡಗಿದಳು. ಹೇಳಿದ್ದು ಹಾಲಮ್ಮ. "ಏನಿಲ್ಲ ಕಣವ್ವ. ಈ ಲೈಟಿನ ಬೆಳಕಿಗೆ ನಮ್ ಗಿಡಕ್ಕೆ ನಿದ್ದೆ ಇಲ್ಲ. ಎರಡು ತಿಂಗಳಿಂದ ಕಣ್ಣು ಬಿಟ್ಕಂಡು ನಿಂತವೆ. ನಿದ್ದೆ ಇಲ್ದಿದ್ರೆ ಯಾವ ಮುಖ ಅರಳುತ್ತೆ ಹೇಳು?"

ಜನ ನಕ್ಕರು. ಆದರೆ ನಕ್ಕವರೇ ಬೇಲಿಯೊಳಗೆ ಬಂದು ನೋಡಿದರು. ಆಗಷ್ಟೇ ಹತ್ತಿದ ಲೈಟಿಗೆ ಬಿದ್ದ ಟ್ಯಾಂಕಿನ ನೆರಳಲ್ಲಿ ಮಾತ್ರ ಮೊಗ್ಗು ನಿಂತಿರುವುದನ್ನು ಕಂಡು ಸಂಗೀತಾ, "ಹೌದಲ್ಲಾ!" ಅಂದಳು. ತೀರ್ಥಪ್ಪನೂ ಒಳಗೆ ಬಂದರು. ಪಟ್ಟಿಯ ಒಳಗೊಂದು ಕಾಲು ಹೊರಗೊಂದು ಕಾಲು ಇಟ್ಟು, ಮೊಗ್ಗಿನ ಗಿಡವನ್ನೂ ಬರೀ ಎಲೆಯ ಗಿಡವನ್ನೂ ಮುಟ್ಟಿ ಮುಟ್ಟಿ ನೋಡಿದರು.

"ಅಲ್ಲಮ್ಮ, ಬೆಳಿಗ್ಗೆ ನೀನು ಬಂದು ತಗಡಿನ ಮರೆ ಹಾಕ್ಸಿ ಅಂದಾಗ ನಾನು ಸುಮ್ನೆ ಏನೋ ಅಂದ್ಕಂಡೆ."

"ಮರೆ ಹಾಕ್ಸಿ ಅಂತ ಕೇಳೋಕೆ ಬಂದಿದ್ಲಾ?" ಎಂದಳು ಸಂತೆಯ ಹೆಂಗಸೊಬ್ಬಳು. "ಹಾಕ್ಸಣ್ಣ. ನಮಗೆ ರಸ್ತೆ ಕಂಡ್ರೆ ಸಾಕು. ಆ ಕಡೆ ಹೊಲ ಕಂಡು ನಮಗೇನಾಗ್ಬೇಕು?"

"ಮೀಟಿಂಗು..." ಅಂದರು ತೀರ್ಥಪ್ಪ.

"ಒಂದು ತಗಡಿಗೆ ಮೀಟಿಂಗಾ?" ಅಂದಳು ಸಂಗೀತಾ.

ಸುತ್ತ ಹದಿನೈದು ಜನ ತಮ್ಮ ಮುಖವನ್ನೇ ನೋಡುತ್ತಿರುವುದು ತೀರ್ಥಪ್ಪನವರಿಗೆ ಕಂಡಿತು. ಹೆಗಲ ಮೇಲಿನ ಟವಲು ಸರಿಮಾಡಿಕೊಂಡರು. "ಯಾರು ಹೇಳಿದ್ದು ಮೀಟಿಂಗ್‌ಗಂಟ ಕಾಯ್ಬೇಕು ಅಂತ? ನಾಳೇನೇ ಹಾಕಿಸ್ತೀನಿ!"

ನಾಳೆ ಅಂದದ್ದು ನಾಡಿದ್ದಾಯಿತು, ಅಷ್ಟೇ. ಊರಿಗೆ ನೀರು ಬಿಡುವ ಪಂಚಾಯಿತಿಯ ನೀರುಗಂಟಿ ಚೌಡಪ್ಪ ಲೈನ್‌ಮನ್‌ನನ್ನು ಕರೆದುಕೊಂಡು ಬಂದ. ಎಣ್ಣೆ ಡಬ್ಬದ ತಗಡನ್ನು ಬಿಡಿಸಿ, ಬಾಗಿಸಿ, ಲೈಟಿನ ಹೊಲದ ಬದಿಗೆ ಟೋಪಿಯ ಅಂಚಿನಂತೆ ಕೂರಿಸಿದರು. ತೀರ್ಥಪ್ಪ ಕೆಳಗೆ ನಿಂತು "ಇನ್ನೊಂಚೂರು ಎಡಕ್ಕೆ, ಇನ್ನೊಂಚೂರು" ಅನ್ನುತ್ತಿದ್ದರು. ತಗಡಿನ ಮೇಲೂ ಹೆಸರು ಬರೆಸಿದರೆ ಹೇಗೆ ಅಂತ ಒಮ್ಮೆ ಕೇಳಿದರು. ಅಷ್ಟು ಎತ್ತರದಲ್ಲಿದ್ದರೆ ಯಾರು ಓದುತ್ತಾರೆ ಅಂದ ಚೌಡಪ್ಪ. ಆ ಸಂಜೆ ಲೈಟು ಹತ್ತಿದಾಗ ರಸ್ತೆಗೆ ಮೊದಲಿಗಿಂತ ಚೆನ್ನಾಗಿಯೇ ಬೆಳಕು ಬಿತ್ತು. ಪಾಲಿಹೌಸು ಕತ್ತಲಲ್ಲಿ ಮುಳುಗಿತು. ಹೇಮಶ್ರೀ ಅದರ ಬಾಗಿಲಲ್ಲಿ ನಿಂತು, ಏನೂ ಕಾಣದಿದ್ದರೂ ಸ್ವಲ್ಪ ಹೊತ್ತು ಒಳಗೆ ನೋಡುತ್ತಲೇ ಇದ್ದಳು.

ಆಮೇಲೆ ಕಾಯುವುದೇ ಕೆಲಸ. ದಸರೆ ಬಂತು, ಹೋಯಿತು. ಆಸ್ಟರ್ ಸಸಿ ಮೊಳೆತು ಎರಡೆಲೆಯಾಯಿತು. ಒಳಗಿನ ಐದು ಮಡಿ ದೀಪಾವಳಿಗೆ ಸರಿಯಾಗಿ ಅರಳಿದವು. ಮೂರು ಮಡಿಯ ಸಂಗತಿಯನ್ನು ಹೇಮಶ್ರೀ ರಾಜಶೇಖರ್‌ಗೆ ಮೊದಲೇ ಫೋನು ಮಾಡಿ, ಮುಚ್ಚುಮರೆಯಿಲ್ಲದೆ ಹೇಳಿದ್ದಳು. ಅವರು ಗೊಣಗಿದರು. ಐದು ಮಡಿಯ ಹೂ ನೋಡಿದ ಮೇಲೆ ಗೊಣಗಾಟ ನಿಲ್ಲಿಸಿ, "ಉಳಿದದ್ದು ಯಾವಾಗ?" ಅಂತ ಕೇಳಿದರು.

ಆ ಮೂರು ಮಡಿಯಲ್ಲಿ ಟ್ಯಾಂಕಿನ ನೆರಳಿನ ಪಟ್ಟಿಯಾಚೆ ಮೊದಲ ಮೊಗ್ಗು ಕಂಡದ್ದು ಹಾಲಮ್ಮನಿಗೆ. ಸೊಸೆಯನ್ನು ಕೂಗಿ ಕರೆದವಳು, ಅವಳು ಬರುವಷ್ಟರಲ್ಲಿ ಅಕ್ಕಪಕ್ಕದ ಮೊಗ್ಗು ಚಿವುಟಲು ಶುರುಮಾಡಿಯೇ ಬಿಟ್ಟಿದ್ದಳು. "ಇಷ್ಟು ದಿನ ಕಾದು ಬಂದ ಮೊಗ್ಗು. ಚಿವುಟೋಕೆ ನಿಮಗೆ ಹೊಟ್ಟೆ ಉರಿಯಲ್ವಾ ಅತ್ತೆ?" ಎಂದಳು ಹೇಮಶ್ರೀ.

"ಸುಮ್ಕಿರೇ, ಎಣಿಸ್ತಾ ಇದ್ದೀನಿ," ಎಂದಳು ಹಾಲಮ್ಮ.

ಆ ಹೂಗಳು ಡಿಸೆಂಬರಿನ ಮೊದಲ ವಾರ ಅರಳಿದವು. ಎರಡು ತಿಂಗಳು ಬರೀ ಬೆಳೆದಿದ್ದ ಕಡ್ಡಿಗಳು ಎದೆಯೆತ್ತರವಿದ್ದವು. ಡಬ್ಬಕ್ಕೆ ಹಿಡಿಸದೆ ಆನಂದ್ ಎರಡು ಡಬ್ಬ ಸೇರಿಸಿ ಒಂದು ಮಾಡಿದ. ಬಯಲ ಸೇವಂತಿಗೆಯೆಲ್ಲ ಆಗ ಮುಗಿದಿತ್ತು, ಮದುವೆಗಳು ಮಾತ್ರ ಮುಗಿದಿರಲಿಲ್ಲ. ರಾಜಶೇಖರ್ ಕಾಯಲಾರದೆ ಕಡೂರಿನಿಂದ ತಾವೇ ವ್ಯಾನು ತಂದರು. ಒಂದು ಕಡ್ಡಿ ಎತ್ತಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, "ಇಷ್ಟುದ್ದ ಹೆಂಗೆ ಬೆಳೆಸಿದ್ರಮ್ಮ?" ಅಂದರು.

ಹೇಮಶ್ರೀ ಗಂಡನ ಮುಖ ನೋಡಿದಳು. ಅವನು ನಗು ತಡೆಯಲಾರದೆ ಡಬ್ಬ ಹೊತ್ತುಕೊಂಡು ವ್ಯಾನಿನ ಹಿಂದೆ ಹೋದ. ಹಾಲಮ್ಮ ಕತ್ತರಿಯನ್ನು ಸೆರಗಿನಲ್ಲಿ ಒರೆಸಿ, ಮುಂದಿನ ಸಾಲಿಗೆ ಇಳಿದಳು.