ಹಳದಿ ಅಂಗಿಯವನ ಏಳು ಸೂತ್ರಗಳು

ಹಳದಿ ಅಂಗಿ ಹಾಕಿಕೊಂಡು ಫೋನಿನೊಳಗೆ ಕೂತು ಹಲ್ಲು ಕಿರಿಯುವ ಆ ಮನುಷ್ಯ ಕೈಗೆ ಸಿಕ್ಕಿದ್ದರೆ ತಗಡು ಬಗ್ಗಿಸಿದ ಹಾಗೆ ಬಗ್ಗಿಸಿಬಿಡುತ್ತಿದ್ದೆ. ‘ಲೇಖಕರಾಗಬೇಕೆ? ಏಳೇ ಏಳು ಸೂತ್ರ!’ ಅಂತ ಶುರು ಮಾಡುತ್ತಾನೆ. ಅವನ ಸೂತ್ರಕ್ಕೆ ಐದು ತಿಂಗಳು ಸುರಿದೆ. ನನ್ನ ಐದು ತಿಂಗಳು ಹಾಳಾಗಿ ಹೋಗಲಿ, ಮೇಸ್ತ್ರಿಯ ಕಿವಿಗೆ ಉಳಿದಿದ್ದೇ ಅಷ್ಟು.

ನಮ್ಮದು ತಗಡಿನ ಕೆಲಸ. ನೀರಿನ ಟ್ಯಾಂಕು, ಪೀಪಾಯಿ, ಹೊಗೆ ಕೊಳವೆ. ಬೆಳಗ್ಗೆಯಿಂದ ಸಂಜೆವರೆಗೆ ಸುತ್ತಿಗೆ ಸದ್ದು. ಆ ಸದ್ದಿನಲ್ಲೇ ನಲವತ್ತು ವರ್ಷ ಕಳೆದ ಮೇಸ್ತ್ರಿಗೆ ಕಿವಿ ಮಂದ ಅನ್ನುವುದು ಹೊಸ ವಿಷಯವಲ್ಲ. ಆದರೆ ಈ ವರ್ಷದ ಮೊದಲಲ್ಲಿ ಡಾಕ್ಟರು, ಉಳಿದಿರುವುದೂ ಇನ್ನು ಐದಾರು ತಿಂಗಳಲ್ಲಿ ಹೋಗುತ್ತದೆ, ಮಷೀನು ಹಾಕಿದರೂ ಪ್ರಯೋಜನವಿಲ್ಲ ಅಂದುಬಿಟ್ಟರು. ಮಾರನೇ ದಿನ ಮೇಸ್ತ್ರಿ ನನ್ನನ್ನು ಮೂಲೆಗೆ ಕರೆದರು.

“ಲೋ, ನೀನು ಏನೇನೋ ಬರೀತೀಯಂತೆ. ನಿನ್ನ ಮಗಳು ಹೇಳಿದ್ಲು.”

“ಸುಮ್ನೆ ಗೀಚ್ತೀನಿ ಮೇಸ್ತ್ರಿ.”

“ನನ್ನ ತಮ್ಮನ ವಿಷಯ ಬರಿ. ಆ ದಿನದ್ದು. ನನಗಂತೂ ಓದೋಕೆ ಬರಲ್ಲ, ನೀನೇ ಓದಿ ಹೇಳು. ಕಿವಿ ಇರೋವಾಗಲೇ.”

ಆ ದಿನ ಅಂದರೆ ಇಪ್ಪತ್ತಾರು ವರ್ಷದ ಹಿಂದಿನದು. ಮೇಸ್ತ್ರಿಯ ತಮ್ಮ ದೊಡ್ಡ ಟ್ಯಾಂಕಿನೊಳಗೆ ಇಳಿದು ಬಣ್ಣ ಬಳಿಯುತ್ತಿದ್ದ. ಬಣ್ಣದ ಘಾಟು ಒಳಗೇ ತುಂಬಿಕೊಂಡು ಉಸಿರುಕಟ್ಟಿ ಸತ್ತ. ನಾಲ್ಕು ಮಾರು ಆಚೆ ಮೇಸ್ತ್ರಿ ಇನ್ನೊಂದು ತಗಡು ಬಡಿಯುತ್ತಿದ್ದರು. ಊಟಕ್ಕೆ ಕರೆಯಲು ಹೋಗಿ ನೋಡಿದವನು ನಾನು. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಇಳಿದು ಎತ್ತಿದವನೂ ನಾನೇ. ಅವತ್ತಿನಿಂದ ಮೇಸ್ತ್ರಿ ಅದರ ಬಗ್ಗೆ ತುಟಿ ಬಿಚ್ಚಿರಲಿಲ್ಲ. ನಾನೂ ಬಿಚ್ಚಿರಲಿಲ್ಲ. ನಮ್ಮ ಕೆಲಸದವರು ಹಾಗೆಯೇ. ನಮಗೆ ಬಾಯಿ ಇರುವುದು ಬೈಯಲಿಕ್ಕೆ, ಟೀ ಕುಡಿಯಲಿಕ್ಕೆ.

ಮೇಸ್ತ್ರಿ ಕೇಳಿದ ದಿನ ಸಂಜೆಯೇ ಕೂತು ಬರೆದಿದ್ದರೆ ವಾರದಲ್ಲಿ ಮುಗಿಯುತ್ತಿತ್ತು. ಆದರೆ ಏಳನೇ ಕ್ಲಾಸಿಗೇ ಓದು ಬಿಟ್ಟ ನನಗೆ ಒಂದು ಅಳುಕು. ಇದು ಬೇರೆ ಯಾರದೋ ವಿಷಯವಲ್ಲ, ಮೇಸ್ತ್ರಿಯ ತಮ್ಮನದು. ಚೆನ್ನಾಗಿ ಬರಬೇಕು.

“ಅಪ್ಪಾ, ಕಥೆ ಬರೆಯೋದು ಹೇಗೆ ಅಂತ ಹೇಳಿಕೊಡೋ ವಿಡಿಯೋ ರಾಶಿ ಇವೆ” ಅಂದಳು ಮಗಳು. ಅಲ್ಲಿಗೆ ನಾನು ಕೆಟ್ಟೆ.

ಮೊದಲ ವಾಕ್ಯ ಓದುಗನ ಕತ್ತಿನ ಪಟ್ಟಿ ಹಿಡಿಯಬೇಕು ಅಂದ ಹಳದಿ ಅಂಗಿಯವನು. ಹದಿನಾಲ್ಕು ಸಲ ಮೊದಲ ವಾಕ್ಯ ಬರೆದೆ. ಇನ್ನೊಬ್ಬಳು ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಮೇಣದಬತ್ತಿ ಹಚ್ಚಿ ಬರೆಯಿರಿ ಅಂದಳು. ಹಾಗೇ ಮಾಡಿ, ಮಧ್ಯಾಹ್ನ ತೂಕಡಿಸಿ ಹೆಬ್ಬೆರಳಿಗೆ ಸುತ್ತಿಗೆ ಹಾಕಿಕೊಂಡೆ. ಪಾತ್ರದ ಇಷ್ಟಾನಿಷ್ಟಗಳ ಪಟ್ಟಿ ಮಾಡಿ ಅಂದ ಮತ್ತೊಬ್ಬ. ಬಣ್ಣದ ಘಾಟಿಗೆ ಸತ್ತವನ ಇಷ್ಟದ ಬಣ್ಣ ಯಾವುದು ಅಂತ ಬರೆದುಕೊಂಡು ಕೂತೆ ನಾನು. ಥೂ!

ಎಲ್ಲಕ್ಕಿಂತ ಹಾಳು ಸೂತ್ರ ಹಳದಿ ಅಂಗಿಯವನ ಐದನೆಯದು. ಓದುಗನಿಗೆ ಬೇಕಾದ್ದನ್ನು ಕೊನೆಯವರೆಗೂ ಬಚ್ಚಿಡಿ, ಅವನು ಒದ್ದಾಡಲಿ ಅಂತ. ಟ್ಯಾಂಕಿನೊಳಗೆ ನಾನು ಕಂಡದ್ದನ್ನೆಲ್ಲ ತೆಗೆದು ಮೂವತ್ತೊಂದನೇ ಪುಟಕ್ಕೆ ತಳ್ಳಿದೆ.

ಮೂವತ್ತೆರಡು ಪುಟ ಮುಗಿಯುವಾಗ ಐದನೇ ತಿಂಗಳು. ಕೆಲಸಕ್ಕೆ ರಜೆ ಇದ್ದ ದಿನ ಶೆಡ್ಡಿನಲ್ಲಿ ಮೇಸ್ತ್ರಿಯನ್ನು ಬೋರಲು ಹಾಕಿದ ಡ್ರಮ್ಮಿನ ಮೇಲೆ ಕೂರಿಸಿ, ಎದುರಿಗೆ ನಿಂತು ಓದಿದೆ. ಕನ್ನಡಕ ಮನೆಯಲ್ಲಿ ಮರೆತಿದ್ದೆ, ನೋಟ್‌ಬುಕ್ಕು ಮೂಗಿಗೇ ಹಿಡಿದಿದ್ದೆ. ಬಾಗಿಲಾಚೆ ನಾಯಿ ಕೆರೆದುಕೊಳ್ಳುವುದೂ ಕೇಳುವಷ್ಟು ನಿಶ್ಶಬ್ದ. ಮೇಸ್ತ್ರಿ ತಲೆ ಆಡಿಸುತ್ತಲೇ ಇದ್ದರು.

“ಹೇಗಿದೆ ಮೇಸ್ತ್ರಿ?”

“ಚೆನ್ನಾಗಿದೆ.”

“ಕೊನೆ?”

“ಚೆನ್ನಾಗಿದೆ ಕಣೋ.”

ಕಣ್ಣಲ್ಲಿ ಒಂದು ಹನಿ ಇಲ್ಲ. ಮುಖದಲ್ಲಿ ಒಂದು ಗೆರೆ ಅಲ್ಲಾಡಿಲ್ಲ. ನನಗೆ ಅನುಮಾನ ಬಂತು. ನೋಟ್‌ಬುಕ್ಕನ್ನು ಮತ್ತೆ ಬಾಯಿಗೆ ಅಡ್ಡ ಹಿಡಿದು ಗಟ್ಟಿಯಾಗಿ ಹೇಳಿದೆ: “ಮೇಸ್ತ್ರಿ, ನೀವೊಂದು ಕತ್ತೆ.”

“ಹ್ಞೂಂ, ಚೆನ್ನಾಗಿದೆ” ಅಂದರು ಮೇಸ್ತ್ರಿ.

ಸುತ್ತಿಗೆ ಸದ್ದಿನ ನಡುವೆ ನಮ್ಮಲ್ಲಿ ಯಾರೂ ಕಿವಿಯಿಂದ ಕೇಳುವುದಿಲ್ಲ. ಎದುರಿನವನ ತುಟಿ ನೋಡಿಯೇ ಮಾತು ಹಿಡಿಯುತ್ತೇವೆ. ಕೆಲಸಕ್ಕೆ ಸೇರಿದ ಮೊದಲ ವಾರವೇ ನನಗೆ ಇದನ್ನು ಕಲಿಸಿದವರು ಮೇಸ್ತ್ರಿ. ಅಂಥವರ ಎದುರು ನಿಂತು ಮೂವತ್ತೆರಡು ಪುಟವೂ ನೋಟ್‌ಬುಕ್ಕಿನಿಂದ ಬಾಯಿ ಮರೆಮಾಡಿಕೊಂಡು ಓದಿದ್ದೆ.

ನೋಟ್‌ಬುಕ್ಕು ಕೆಳಗಿಳಿಸಿ ಕೇಳಿದೆ. “ಯಾವಾಗಿಂದ ಕೇಳಿಸ್ತಿಲ್ಲ?”

ಅವರು ಮುಖ ತಿರುಗಿಸಿದರು. “ಮೂರು ವಾರ ಆಯ್ತು. ನೀನು ಬರೀತಾನೇ ಇದ್ದೆ. ಯಾಕೆ ಅವಸರ ಮಾಡ್ಲಿ ಅಂತ ಸುಮ್ನಿದ್ದೆ.”

ಮನೆಗೆ ಬಂದವನೇ ನೋಟ್‌ಬುಕ್ಕನ್ನು ಗೋಡೆಗೆ ಬೀಸಿದೆ. ಹಳದಿ ಅಂಗಿಯವನ ವಂಶವನ್ನೆಲ್ಲ ಬೈದೆ. ಮಗಳು ನನ್ನ ಉಸಿರು ಮುಗಿಯುವವರೆಗೆ ಕಾದು ಮೆಲ್ಲಗೆ ಫೋನು ಚಾಚಿದಳು.

“ಅಪ್ಪಾ, ಇದೊಂದು ನೋಡು.”

“ಇನ್ನೊಂದು ವಿಡಿಯೋ ಅಂದ್ರೆ ಆ ಫೋನನ್ನ ತಗಡಿನ ಮಧ್ಯೆ ಇಟ್ಟು ಬಡೀತೀನಿ!”

“ಮೂರೇ ನಿಮಿಷ. ನೂರು ಜನ ನೋಡಿದ್ರೆ ಹೆಚ್ಚು. ಆಮೇಲೆ ಬಡಿ ಬೇಕಾದ್ರೆ.”

ಒಬ್ಬ ಮುದುಕಿ. ಕ್ಯಾಮೆರಾ ಸರಿಯಾಗಿ ಇಡಲೂ ಬಾರದು, ಅರ್ಧ ಹಣೆ ಕಾಣುವುದಿಲ್ಲ, ಹಿಂದೆ ಎಲ್ಲೋ ನಲ್ಲಿ ತೊಟ್ಟಿಕ್ಕುತ್ತಿದೆ. ಹೇಳಿದಳು: “ಯಾರಿಗೆ ಹೇಳ್ತಿದ್ದೀರೋ ಅವರನ್ನ ಎದುರಿಗೆ ಕೂರಿಸ್ಕೊಳ್ಳಿ. ಅವರು ಮೊದಲು ಏನು ಕೇಳ್ತಾರೋ ಅದನ್ನ ಮೊದಲು ಹೇಳಿ. ಮಿಕ್ಕಿದ್ದು ತಾನಾಗಿ ಬರುತ್ತೆ. ಅಷ್ಟೇನಪ್ಪಾ, ನನಗೆ ಬೇರೆ ಕೆಲಸ ಇದೆ.”

ನನಗೆ ಇನ್ನೂ ಸಿಟ್ಟು ಬಂತು. ಐದು ತಿಂಗಳು ಎಲ್ಲಿ ಅಡಗಿದ್ದೆಯೇ ತಾಯಿ!

ಮಾರನೇ ದಿನ ಬೆಳಗ್ಗೆ ಮೇಸ್ತ್ರಿಯನ್ನು ಶೆಡ್ಡಿನ ಬಾಗಿಲ ಹತ್ತಿರ ಕೂರಿಸಿ, ನನ್ನ ಮುಖಕ್ಕೆ ಬೆಳಕು ಬೀಳುವ ಹಾಗೆ ಕುಕ್ಕರುಗಾಲಲ್ಲಿ ಕೂತೆ. ಬರಿಗೈ.

“ಆ ದಿನದ ಬಗ್ಗೆ ನೀವು ಮೊದಲು ಏನು ಕೇಳ್ತೀರಿ ಮೇಸ್ತ್ರಿ?”

ನನ್ನ ತುಟಿಯನ್ನೇ ನೋಡುತ್ತಿದ್ದರು.

“ಒಳಗಿಂದ ತಟ್ಟಿದ್ನೇನೋ?” ಅಂದರು. “ನಾನು ಬಡೀತಿದ್ದೆ. ನನಗೆ ಕೇಳಿಸಲಿಲ್ಲ.”

ಇಪ್ಪತ್ತಾರು ವರ್ಷ ಈ ಮನುಷ್ಯ ಇದನ್ನು ಹೊತ್ತು ತಿರುಗಿದ್ದಾರೆ. ಅದರ ಉತ್ತರವನ್ನು ನಾನು, ಓದುಗ ಒದ್ದಾಡಲಿ ಅಂತ, ಮೂವತ್ತೊಂದನೇ ಪುಟದಲ್ಲಿ ಇಟ್ಟಿದ್ದೆ.

“ತಟ್ಟಲಿಲ್ಲ ಮೇಸ್ತ್ರಿ.”

“ಸಮಾಧಾನಕ್ಕೆ ಸುಳ್ಳು ಹೇಳ್ಬೇಡ.”

“ಸುತ್ತಲೂ ಹಸಿ ಬಣ್ಣ ಇತ್ತು. ತಟ್ಟಿದ್ರೆ ಕೈ ಗುರುತು ಬೀಳ್ತಿತ್ತು. ಒಂದೂ ಇರಲಿಲ್ಲ. ಕೈಯಲ್ಲಿ ಬ್ರಶ್ಶು ಹಿಡಿದೇ ಇದ್ದ. ನಿದ್ದೆ ಬಂದವನ ಹಾಗೆ ಕೂತಲ್ಲೇ ಒರಗಿದ್ದ. ಕರೆಯೋ ಹೊತ್ತೇ ಅವನಿಗೆ ಸಿಕ್ಕಿಲ್ಲ.”

“ಇನ್ನೊಂದ್ಸಲ ಹೇಳು.”

ಹೇಳಿದೆ. ಮತ್ತೆ ಹೇಳಿಸಿದರು. ಮೂರನೇ ಸಲ ಮುಗಿಯುತ್ತಲೇ ನನ್ನ ಅಂಗಿಯ ಎದೆ ಹಿಡಿದು ಎಳೆದರು.

“ಬೋಳೀಮಗನೇ, ಇಷ್ಟು ವರ್ಷ ಬಾಯಲ್ಲಿ ಏನಿಟ್ಕೊಂಡಿದ್ದೆ?”

“ನೀವು ಕೇಳಿದ್ರಾ?”

“ಕೇಳ್ಬೇಕಿತ್ತೇನೋ? ನಿನಗೆ ಗೊತ್ತಾಗ್ಲಿಲ್ವೇನೋ?”

ನಮ್ಮವರೆಲ್ಲ ಸುತ್ತಿಗೆ ನಿಲ್ಲಿಸಿ ನೋಡುತ್ತಿದ್ದರು. ಮೇಸ್ತ್ರಿ ಅಂಗಿ ಬಿಟ್ಟು, ಅಂಗೈಯಿಂದ ಮುಖ ಒರೆಸಿಕೊಂಡರು.

“ಅವತ್ತು ಬೆಳಗ್ಗೆ ಅವನು ನನ್ನ ಜೊತೆ ಜಗಳ ಆಡಿದ್ದ. ಬರ್ದಿದೀಯಾ?”

“ಇಲ್ಲ. ನನಗೇನು ಗೊತ್ತು?”

“ಮತ್ತೆ ಏನು ಬರ್ದೆ, ಮಣ್ಣು? ಬರ್ಕೋ.”

ಪೆನ್ನು ಇರಲಿಲ್ಲ. ಗುರುತು ಹಾಕುವ ಸೀಮೆಸುಣ್ಣ ತೆಗೆದುಕೊಂಡು ಹೊಸ ತಗಡಿನ ಮೇಲೇ ಬರೆಯತೊಡಗಿದೆ. ಸ್ವಂತ ದನಿಯೇ ಕೇಳಿಸದ ಮೇಸ್ತ್ರಿ ಬೀದಿಗೆಲ್ಲ ಕೇಳುವ ಹಾಗೆ ಕೂಗಿ ಹೇಳುತ್ತಿದ್ದರು. ಹೊಡೆದಾಟವೇ ಅಂದುಕೊಂಡು ಪಕ್ಕದ ಅಂಗಡಿಯವನು ಓಡಿಬಂದ.

“ಏನಾಯ್ತ್ರೀ? ಯಾಕೆ ಕೂಗಾಡ್ತಿದ್ದಾರೆ?”

“ಹೋಗಯ್ಯಾ ಆಚೆ” ಅಂತ ಗದರಿಸಿದೆ. “ಬರೀತಿರೋದು ಕಾಣಲ್ವಾ?”